ದೂರಿನ ಮಡಕೆ

ಆ ಊರಿನಲ್ಲಿ ನೆಲವಿರಲಿಲ್ಲ, ಮೆಟ್ಟಿಲುಗಳಿದ್ದವು. ಒಂದು ಮನೆಯ ಮಾಳಿಗೆಯೇ ಮೇಲಿನ ಮನೆಯ ಅಂಗಳ. ಬಾವಿ ತಳದಲ್ಲಿ, ನ್ಯಾಯದ ಕಟ್ಟೆ ತುದಿಯಲ್ಲಿ. ನೀರು ಬೇಕಾದವರು ಇಳಿಯಬೇಕು, ನ್ಯಾಯ ಬೇಕಾದವರು ಹತ್ತಬೇಕು. ಹೆಣ ಹೊತ್ತು ಇಳಿಯುವವರು ಸತ್ತವರಿಗಾಗಿ ಅಳುತ್ತಿದ್ದರೋ ತಮ್ಮ ಮೊಣಕಾಲಿಗಾಗಿ ಅಳುತ್ತಿದ್ದರೋ ಯಾರಿಗೂ ತಿಳಿಯುತ್ತಿರಲಿಲ್ಲ.

ಹೊರುವುದೇ ಆ ಊರಿನ ಬದುಕು. ನೀರು ಹೊರುವವರಿದ್ದರು, ಸೌದೆ ಹೊರುವವರಿದ್ದರು, ಜೋಳದ ಚೀಲ ಹೊರುವವರಿದ್ದರು. ಹಾಗೆಯೇ ಮಾತು ಹೊರುವವರೂ ಇದ್ದರು. ಏಕೆಂದರೆ ಆ ಊರಿಗೆ ಒಂದು ಕಟ್ಟಳೆಯಿತ್ತು: ನೊಂದವರು ತಮ್ಮ ನೋವನ್ನು ತಮ್ಮ ಬಾಯಿಂದಲೇ ನ್ಯಾಯದ ಮುಂದೆ ಹೇಳುವ ಹಾಗಿಲ್ಲ. ನೊಂದ ನಾಲಿಗೆ ತಕ್ಕಡಿಯನ್ನು ನೆಟ್ಟಗೆ ಹಿಡಿಯುವುದಿಲ್ಲ ಎಂದು ಹಿಂದಿನವರು ತೀರ್ಮಾನಿಸಿದ್ದರು. ನೋವನ್ನು ಇನ್ನೊಬ್ಬರ ಬಾಯಿಗೆ ಹೊರಿಸಬೇಕು. ಹೊರಿಸಿದ ಮೇಲೆ ನೊಂದವರು ತುಟಿಗಳ ನಡುವೆ ಒಂದು ವೀಳ್ಯದೆಲೆ ಹಿಡಿದು ಕಟ್ಟೆಯ ಮೇಲೆ ಕೂರಬೇಕು. ಅವರ ಮುಂದೆ ಒಂದು ಹೊಸ ಮಡಕೆ, ಮಡಕೆಯ ತುಂಬ ನೀರು. ಅದೇ ಅವರ ದೂರು. ತೀರ್ಪು ಕೊಡುವಾಗ ನ್ಯಾಯದ ಹಿರಿಯ ಆ ನೀರಿನಲ್ಲಿ ಕೈ ಅದ್ದುತ್ತಾನೆ. ಅದಕ್ಕೆ ಮೊದಲು ತುಟಿಯಿಂದ ಎಲೆ ಬಿದ್ದರೆ ಮಡಕೆ ಒಡೆಯುತ್ತಾರೆ. ಮಡಕೆ ಒಡೆದರೆ ದೂರು ಸತ್ತಂತೆ.

ಬಾವಿಗೂ ಕಟ್ಟೆಗೂ ನಟ್ಟನಡುವೆ ಮದ್ದಿನ ಮನೆ ಇತ್ತು. ಅಲ್ಲಿಯ ದೊಡ್ಡ ಹಂಡೆಯಲ್ಲಿ ಹಗಲೆಲ್ಲ ಕರಿಮದ್ದು ಕುದಿಯುತ್ತಿತ್ತು. ಹಿತ್ತಾಳೆ ಸೌಟಿನ ತುಂಬ ಕುಡಿದರೆ ಮೊಣಕಾಲು ನೋವು ಇಳಿದುಹೋಗುತ್ತಿತ್ತು. ಸಾಲು ನಿಲ್ಲುವುದು, ಕಣ್ಣು ಮುಚ್ಚುವುದು, ಬಾಯಿ ತೆರೆಯುವುದು, ನುಂಗುವುದು, ಹಗುರಾಗಿ ಹತ್ತಿ ಹೋಗುವುದು. ದಿನದಿಂದ ದಿನಕ್ಕೆ ಹೆಚ್ಚು ಜನ ಇದನ್ನು ಪೂಜೆಯ ಹಾಗೆ ಮಾಡುತ್ತಿದ್ದರು.

ಅಡುಗೆಯವಳ ಖಾನಾವಳಿ ಕೆಳಗಿನ ಮೆಟ್ಟಿಲುಗಳಲ್ಲಿ, ಬಾವಿಯಿಂದ ಕೊಂಚ ಮೇಲಿತ್ತು. ಅವಳು ಆ ಊರಿಗೆ ಬಂದಾಗ ಕಂಕುಳಲ್ಲಿ ತಂಗಿಯ ಹೊರತು ಏನೂ ಇರಲಿಲ್ಲ. ಮೂರು ಕಲ್ಲು ಹೂಡಿ ಒಲೆ ಮಾಡಿದಳು, ಒಲೆಯ ಸುತ್ತ ಗೋಡೆ ಎಬ್ಬಿಸಿದಳು, ಗೋಡೆಯ ಮೇಲೆ ಮಾಳಿಗೆ ಹಾಕಿದಳು. ಬೆಲ್ಲ, ಬೇಳೆ ಕಟ್ಟಿ ಕೊಟ್ಟ ಕಾಗದಗಳನ್ನು ಬಿಡಿಸಿ ಬಿಡಿಸಿ ಓದು ಕಲಿತಳು. ಯಾರ ಮುಂದೆಯೂ ಸೆರಗು ಒಡ್ಡಿದವಳಲ್ಲ. ಯಾರಾದರೂ ಪಾಪ ಅಂದರೆ ಅವರ ತಟ್ಟೆಗೆ ಎರಡನೇ ರೊಟ್ಟಿ ಬೀಳುತ್ತಿರಲಿಲ್ಲ.

ಉಣ್ಣುವವರಿಗಿಂತ ಮೊದಲು ತಾನು ರುಚಿ ನೋಡಿದರೆ ಅಡುಗೆ ಎಂಜಲಾಗುತ್ತದೆ ಎಂಬುದು ಅವಳ ನೇಮ. ಹನಿ ಸಾರನ್ನೂ ನಾಲಿಗೆಗೆ ಹಚ್ಚಿದವಳಲ್ಲ. ಮುಚ್ಚಳ ತೆಗೆದು ಆವಿಗೆ ಮುಖ ಒಡ್ಡಿ ನಿಲ್ಲುತ್ತಿದ್ದಳು. ಉಪ್ಪು ಸಾಲದು ಎಂದು ಆವಿಯೇ ಹೇಳುತ್ತಿತ್ತು. ಹುಳಿ ಸಾಕು ಎಂದು ಆವಿಯೇ ಹೇಳುತ್ತಿತ್ತು. ಆವಿಗೆ ಮುಖ ಕೊಟ್ಟು ನಿಂತ ಗಳಿಗೆಯಲ್ಲಿ ಅವಳನ್ನು ಮಾತಾಡಿಸಲು ತಂಗಿಗೂ ಧೈರ್ಯವಿರಲಿಲ್ಲ.

ಕೊಡ ಹೊತ್ತು ಹೊತ್ತು ಅವಳ ಮೊಣಕಾಲೂ ಸೋತವು. ಒಂದು ಬೆಳಿಗ್ಗೆ ಅವಳು ಮದ್ದಿನ ಮನೆಯ ಸಾಲಿನಲ್ಲಿ ನಿಂತಳು. ಸರದಿ ಬಂದಾಗ ಬಾಯಿ ತೆರೆದಳು, ಆದರೆ ಮದ್ದಿಗಲ್ಲ.

“ಯಜಮಾನ್ರ, ಇದು ಏನು ಕೊಡತೈತಿ ಅಂತ ಊರಿಗೆಲ್ಲಾ ಗೊತ್ತೈತಿ. ಏನು ತಗೋತೈತಿ?”

ಸೌಟು ಹಿಡಿದಿದ್ದ ಯಜಮಾನ ನಕ್ಕ. “ಹಂಗಂದ್ರ ಏನವ್ವಾ?”

“ನನ್ನ ಒಲಿ ಅನ್ನ ಕೊಡತೈತಿ, ಸೌದಿ ತಗೋತೈತಿ. ಇದಕ್ಕೂ ಏನರ ಬೇಕಾಗಿರಬೇಕಲ್ಲ. ಏನದು ಹೇಳ್ರಿ.”

ಹಿಂದಿನ ಸಾಲು ಗೊಣಗಿತು. “ಏ ಅಕ್ಕಾ, ಕುಡಿಯೂದಿದ್ರ ಕುಡಿ, ಇಲ್ಲಾಂದ್ರ ಸರಿ. ನಮ್ಮ ಮೊಣಕಾಲು ಇಲ್ಲಿ ಬಾಯಿ ಬಡಕೊಳ್ಳಾಕ ಹತ್ಯಾವ!”

“ಏನೂ ತಗೊಳ್ಳೂದಿಲ್ಲವ್ವಾ,” ಎಂದ ಯಜಮಾನ. “ತಾಯಿ ಹಾಲು ಇದ್ದಂಗ ಇದು.”

“ಖರೇನ?”

“ಖರೇನ. ಬಾಯಿ ತಗಿ.”

ಅವಳು ನುಂಗಿದಳು. ಸುಳ್ಳಲ್ಲ, ಮೊಣಕಾಲು ಹೂವಾದವು. ತುಂಬಿದ ಕೊಡ ಹೊತ್ತು ಮೆಟ್ಟಿಲನ್ನು ಹುಡುಗಿಯ ಹಾಗೆ ಹಾರಿ ಹಾರಿ ಏರಿದಳು. ಮರುದಿನವೂ ಕುಡಿದಳು, ಅದರ ಮರುದಿನವೂ ಕುಡಿದಳು.

ಮೊದಲು ಮಾತೆತ್ತಿದವನು ಗಂಟೆ ಬಾರಿಸುವವನು. ಅವನು ಕಟ್ಟೆಯ ಗಂಟೆ ಬಾರಿಸಿ ಇಳಿದು ಬಂದು ದಿನವೂ ಅವಳ ಖಾನಾವಳಿಯಲ್ಲೇ ಉಣ್ಣುವವನು. ಸಾರು ಸುರಿದುಕೊಂಡವನು ಕಣ್ಣು ಅರಳಿಸಿದ.

“ಅವ್ವಾರ, ಉಪ್ಪಿನ ಚೀಲ ಕೈಜಾರಿ ಸಾರಾಗ ಬಿತ್ತೇನ್ರಿ?”

“ನಿನ್ನ ಹೆಂಡತಿ ಉಪ್ಪ ಹಾಕೂದಿಲ್ಲೇಳು, ಅದಕ್ಕ ಸರಿ ಇದ್ದದ್ದು ನಿನಗ ಹೆಚ್ಚ ಅನಸ್ತೈತಿ.”

ಪಂಕ್ತಿ ನಕ್ಕಿತು. ಆದರೆ ಮರುದಿನ ಇನ್ನಿಬ್ಬರು ತಟ್ಟೆ ಸರಿಸಿದರು. ಅವಳು ಆವಿಗೆ ಮುಖ ಒಡ್ಡಿ ನೋಡಿದಳು. ಆವಿ ಏನೂ ಹೇಳಲಿಲ್ಲ. ಏನೂ ಹೇಳದಿದ್ದರೆ ತಪ್ಪಿಲ್ಲ ಎಂದುಕೊಂಡಳು. ನಾಲಿಗೆಗೆ ಹಚ್ಚಿ ನೋಡಿದ್ದರೆ ಆಗಲೇ ತಿಳಿಯುತ್ತಿತ್ತು, ನೇಮ ಬಿಡಲಿಲ್ಲ. ಬಂದವರೊಡನೆ ಜಗಳವಾಡಿದಳು. ಒಬ್ಬೊಬ್ಬರಾಗಿ ಜನ ಕಡಿಮೆಯಾದರು. ಆಮೇಲೆ, ಏನು ಗಾಳಿ ಬೀಸಿತೋ, ಒಬ್ಬೊಬ್ಬರಾಗಿ ತಿರುಗಿ ಬಂದರು. ಗಂಟೆ ಬಾರಿಸುವವನೂ ಬಂದ, ಮದ್ದಿನ ಸಾಲು ಮುಗಿಸಿ, ಮೆಟ್ಟಿಲನ್ನು ಕುಪ್ಪಳಿಸುತ್ತ.

“ಸಾರಂದ್ರ ಇದು ನೋಡ್ರಿ!” ಎನ್ನುತ್ತ ಮತ್ತೆ ಮತ್ತೆ ಹಾಕಿಸಿಕೊಂಡ.

“ಬಂದ್ಯಾ ಹಾದಿಗೆ?” ಎಂದಳು ಅಡುಗೆಯವಳು, ಸೊಂಟದ ಮೇಲೆ ಕೈ ಇಟ್ಟು.

ಆಗ ಒಳಬಾಗಿಲಲ್ಲಿ ತಂಗಿ ಅಳುತ್ತ ನಿಂತಿದ್ದಳು. ಅವಳು ಇನ್ನೂ ಮದ್ದು ಕುಡಿದವಳಲ್ಲ. “ಅಕ್ಕಾ, ಬ್ಯಾಳಿ ಹಳಸೈತಿ. ನಾತಾ ಬಡ್ಯಾಕ ಹತ್ತೈತಿ. ಇವರು ಹೆಂಗ ಉಣ್ಣಾಕ ಹತ್ಯಾರ ನೋಡು. ನನಗ ಅಂಜಿಕಿ ಆಗತೈತಿ.”

ಅಡುಗೆಯವಳು ಪಂಕ್ತಿಯನ್ನು ನೋಡಿದಳು. ಎಲ್ಲರೂ ಬೆರಳು ಚೀಪುತ್ತಿದ್ದರು. ಅವಳು ತನ್ನ ಜನ್ಮದಲ್ಲೇ ಮೊದಲ ಸಲ ನೇಮ ಮುರಿದು ಸೌಟಿನ ಸಾರನ್ನು ಬಾಯಿಗೆ ಹಾಕಿಕೊಂಡಳು. ಒದ್ದೆ ಬಟ್ಟೆ ಅಗಿದ ಹಾಗಾಯಿತು. ಇಂಗಿನ ಡಬ್ಬಿ ತೆರೆದು ಮೂಗು ಒಳಗಿಟ್ಟಳು. ಬೆಳ್ಳುಳ್ಳಿ ಜಜ್ಜಿ ಮುಖಕ್ಕೆ ತಿಕ್ಕಿಕೊಂಡಳು. ತಂಗಿಯ ನೆತ್ತಿಯನ್ನು, ತಾನೇ ಎಣ್ಣೆ ಹಚ್ಚಿ ಬೆಳೆಸಿದ ನೆತ್ತಿಯನ್ನು, ಹತ್ತಿರಕ್ಕೆ ಎಳೆದುಕೊಂಡು ಉಸಿರು ತೆಗೆದಳು. ಯಾವುದರಲ್ಲೂ ಏನೂ ಇರಲಿಲ್ಲ.

ಒಲೆ ಆರಿಸಿ, ಅವಳು ನೇರ ಮದ್ದಿನ ಮನೆಗೆ ಹತ್ತಿದಳು.

“ಮೊಣಕಾಲು ನೆಟ್ಟಗಾದ್ವೋ ಇಲ್ಲೋ?” ಎಂದ ಯಜಮಾನ.

“ಆದ್ವು.”

“ಮತ್ತೇನವ್ವಾ? ನಾಲಿಗಿಗೆ ವಯಸ್ಸಾಗೈತಿ. ಅದಕ್ಕ ನನ್ನ ಕಡೆ ಮದ್ದಿಲ್ಲ.”

“ಏನೂ ತಗೊಳ್ಳೂದಿಲ್ಲ ಅಂದಿದ್ರಿ.”

“ಬ್ಯಾರೆ ಯಾರೂ ಬಂದು ಹೇಳಿಲ್ಲಲ್ಲ. ಕೇಳು ಬೇಕಾದ್ರ.”

ಅವಳು ಸಾಲಿಗೆ ತಿರುಗಿ ಕೇಳಿದಳು. ಜನ ಅವಳನ್ನು ಮಿಕಮಿಕ ನೋಡಿದರು. ಊಟ ಚೆನ್ನಾಗಿದೆ ಎಂದರು, ನಿದ್ದೆ ಚೆನ್ನಾಗಿದೆ ಎಂದರು, ಮೆಟ್ಟಿಲು ಸಲೀಸಾಗಿದೆ ಎಂದರು. ಹೂ ಮಾರುವವಳು ಬುಟ್ಟಿ ತೊಡೆಯ ಮೇಲಿಟ್ಟುಕೊಂಡು ನಗುತ್ತಿದ್ದಳು. ಬುಟ್ಟಿಯಲ್ಲಿ ಮಲ್ಲಿಗೆ ಕೊಳೆತು ಕಪ್ಪಾಗಿತ್ತು. ಅದರ ಮೇಲೆ ನೊಣ ಕೂತಿತ್ತು. ಅವಳು ಅದನ್ನೇ ಒಂದು ಮೊಳ ಹರಿದು ಅಡುಗೆಯವಳಿಗೆ ಚಾಚಿದಳು. “ಮುಡಕೋ ಅಕ್ಕಾ, ಘಮಘಮ ಅಂತೈತಿ.”

ಅಡುಗೆಯವಳು ಕರಿಮದ್ದು ಬಿಟ್ಟಳು. ಮೊಣಕಾಲು ಹಾಗೆಯೇ ಗಟ್ಟಿಯಾಗಿ ಉಳಿದವು, ನಾಲಿಗೆ ಹಾಗೆಯೇ ಸತ್ತು ಉಳಿಯಿತು. ಅವಳು ಬೇಯಿಸಿದ್ದನ್ನು ಅಂದಿನಿಂದ ತಂಗಿ ರುಚಿ ನೋಡತೊಡಗಿದಳು. ಆದರೆ ತಂಗಿ ಕೊಡ ಇಳಿಸುವಾಗ ತುಟಿ ಕಚ್ಚುವುದನ್ನು ಅಕ್ಕ ನೋಡಿದಳು. ಮೆಟ್ಟಿಲಿನ ಮೇಲೆ ಕೈಯೂರುವುದನ್ನು ನೋಡಿದಳು. ಒಂದು ದಿನ ತಂಗಿ ಬಾವಿಯಿಂದ ಕೂತು ಕೂತು ಮೇಲೆ ಬಂದಳು.

“ಅಕ್ಕಾ, ನಾಳೆ ನಾನೂ ಸಾಲಿಗೆ ನಿಲ್ಲತೀನಿ.”

“ನಾಲಿಗಿ ಹೋಗತೈತಿ. ಮೂಗು ಹೋಗತೈತಿ. ನೀನ ಕಣ್ಣಾರೆ ನೋಡಿದಿ.”

“ಅದು ವಯಸ್ಸು ಅಂತಾರ ಅವರು. ನನಗೇನು ವಯಸ್ಸಾಗೈತಿ? ನೀ ಮೇಕಿಯಂಗ ಹತ್ತತಿ, ನಾ ಹುಳದಂಗ ತೆವಳಬೇಕೇನು?”

“ನನ್ನ ಮಾತು ನಂಬೂದಿಲ್ಲ?”

“ನಿನ್ನ ಮಾತು ಒಂದು, ಊರ ಮಾತು ಒಂದು. ನಾ ಯಾರನ್ನ ನಂಬಲಿ?” ತಂಗಿ ಮೊಣಕಾಲು ತಿಕ್ಕುತ್ತ ಅತ್ತಳು. “ನ್ಯಾಯದ ಹಿರ್ಯಾರು ಮದ್ದಿನ ತಪ್ಪು ಅಂತ ಹೇಳಲಿ. ಸಾಯೂತನ ತೆವಳತೀನಿ. ಹೇಳಲಿಲ್ಲಂದ್ರ ಅವತ್ತ ಕುಡೀತೀನಿ.”

“ಅಲ್ಲೀತನ ತಡೀತಿ?”

“ತಡೀತೀನಿ.”

ಅಡುಗೆಯವಳು ತುದಿಯ ಮೆಟ್ಟಿಲಿಗೆ ಹೋದಳು. ಮಾತು ಹೊರುವವರು ಕಟ್ಟೆಯ ಬುಡದಲ್ಲಿ ಸಾಲಾಗಿ ಕೂತಿದ್ದರು, ಹೆಗಲ ಮೇಲೆ ಬಿಳಿ ವಸ್ತ್ರ. ಒಬ್ಬ, ಮದ್ದಿನ ಮನೆ ಎಂಬ ಹೆಸರು ಕೇಳಿದೊಡನೆ ವಸ್ತ್ರ ಕೊಡವಿ ಎದ್ದುಹೋದ. ಇನ್ನೊಬ್ಬ, “ನಮ್ಮತ್ತಿ ಅದನ್ನ ಕುಡದ ಬದುಕ್ಯಾಳ, ಮನೀಗೆ ಹೋಗೂದು ಬ್ಯಾಡೇನು ನಾನು?” ಎಂದ. ಮತ್ತೊಬ್ಬ ಪೂರ್ತಿ ಕೇಳಿದ, ತಲೆ ಕೆರೆದುಕೊಂಡ. “ಕಾಲು ಹೋಗಿದ್ರ ಹೊರತಿದ್ದೆ ನೋಡವ್ವಾ. ನಿನಗ ಕಾಲು ಬಂದೈತಿ, ರುಚಿ ಹೋಗೈತಿ. ಇದನ್ನ ಎಲ್ಲಿ ಹಿಡದು ಎತ್ತಲಿ? ಇದಕ್ಕ ಹಿಡಿಕಿನ ಇಲ್ಲ.”

ಕೊನೆಗೆ ಒಬ್ಬ ಒಪ್ಪಿದ. ಅವನ ದನಿ ಬೆಣ್ಣೆಯ ಹಾಗಿತ್ತು. ಅವನು ಮಾತಾಡಿದರೆ ಕಟ್ಟೆಯ ಕಲ್ಲೂ ಕರಗುತ್ತದೆ ಎಂದು ಊರು ಹೇಳುತ್ತಿತ್ತು. ಅವನು ತನ್ನ ಬಿಳಿ ವಸ್ತ್ರವನ್ನು ಇಬ್ಬರ ತಲೆಯ ಮೇಲೂ ಹೊದಿಸಿದ. ಆ ಬಿಳಿ ಕತ್ತಲೆಯಲ್ಲಿ ಅವಳು ಅವನ ಕಿವಿಗೆ ಎಲ್ಲ ಹೇಳಿದಳು. ಆವಿ ಮೂಕಾದದ್ದು ಹೇಳಿದಳು. ಹಳಸಿದ ಬೇಳೆ ಹೇಳಿದಳು. ತಂಗಿಯ ನೆತ್ತಿ ಹೇಳಿದಳು. ಎಲ್ಲಕ್ಕಿಂತ ಒತ್ತಿ ಇದನ್ನು ಹೇಳಿದಳು: “ಕುಡಿಯೂ ಮೊದಲು ನಾ ಕೇಳಿದ್ದೆ. ಏನೂ ತಗೊಳ್ಳೂದಿಲ್ಲ ಅಂದ. ಇದನ್ನ ಬಿಡಬ್ಯಾಡ.”

“ಬಂತು,” ಎಂದ ಅವನು ವಸ್ತ್ರ ಸರಿಸುತ್ತ. “ಇನ್ನ ಇದು ನಂದು. ನೀ ಹಗುರಾಗು.”

ಅವಳು ಹಗುರಾಗಲಿಲ್ಲ.

ನ್ಯಾಯದ ದಿನ ಊರಿಗೆ ಊರೇ ಕಟ್ಟೆಯ ಸುತ್ತ ಕೂಡಿತು. ಒಲೆಯ ಮೇಲೆ ಎಸರಿಟ್ಟು, ಉರಿ ಸಣ್ಣದು ಮಾಡಿ, ಹೆಂಗಸರೂ ಬಂದಿದ್ದರು. ತಂಗಿ ಕೈಯೂರುತ್ತ, ಕೂರುತ್ತ, ಏಳುತ್ತ ಹತ್ತಿ ಬಂದು ಮುಂದಿನ ಮೆಟ್ಟಿಲಲ್ಲಿ ಕೂತಳು. ಅಡುಗೆಯವಳ ತುಟಿಗೆ ಎಲೆ ಇಟ್ಟರು. ಅವಳ ಮುಂದೆ ಮಡಕೆ ಇಟ್ಟರು. ಎಲೆಯ ಖಾರ ಅವಳಿಗೆ ತಿಳಿಯಲಿಲ್ಲ.

ಬೆಣ್ಣೆ ದನಿಯವನು ಎದ್ದು ನಿಂತ.

“ಹಿರಿಯರೆ, ಈ ಬಡವಿಯನ್ನು ನೋಡಿ. ಅಕ್ಷರ ಕಾಣದವಳು. ಹಿಂದಿಲ್ಲ ಮುಂದಿಲ್ಲದವಳು. ಕರುವಿನ ಹಾಗೆ ನಂಬಿ ಬಾಯಿ ತೆರೆದಳು. ಏನು ಕುಡಿಯುತ್ತಿದ್ದೇನೆ ಎಂದು ಕೇಳಬೇಕೆಂಬುದೂ ಇಂಥ ಮುಗ್ಧೆಗೆ ತಿಳಿಯುವುದು ಹೇಗೆ?”

ಹೆಂಗಸರು ಕಣ್ಣೊರೆಸಿಕೊಂಡರು. ಪಾಪ, ಪಾಪ ಎಂಬ ಸದ್ದು ಮೆಟ್ಟಿಲಿಂದ ಮೆಟ್ಟಿಲಿಗೆ ಇಳಿಯಿತು. ಅಡುಗೆಯವಳ ಕತ್ತಿನ ನರ ಉಬ್ಬಿತು. ಅವಳು ಅವನನ್ನು ದುರುಗುಟ್ಟಿ ನೋಡಿದಳು. ಅವನು ಕಣ್ಣಲ್ಲೇ, ಸುಮ್ಮನಿರು, ಎಂದ.

ಮದ್ದಿನ ಮನೆಯ ಪರವಾಗಿ ಮಾತು ಹೊತ್ತವನು ಎದ್ದ. ಅವನ ದನಿಯೂ ಮೆತ್ತಗೇ ಇತ್ತು. “ನಮಗೂ ಈ ತಾಯಿಯ ಬಗ್ಗೆ ಮರುಕವಿದೆ. ಕರಿಮದ್ದು ಯಾರಿಗೋ ಒಬ್ಬರಿಗೆ ಒಗ್ಗದಿರಬಹುದು. ಕೇಳಿದ್ದರೆ ಹೇಳುತ್ತಿದ್ದೆವು. ಕೇಳಿದವರಿಗೆ ಮುಚ್ಚಿಟ್ಟ ಮನೆಯಲ್ಲ ನಮ್ಮದು. ಇವಳು ಕೇಳಲಿಲ್ಲ.”

“ನಿಜ,” ಎಂದ ಬೆಣ್ಣೆ ದನಿಯವನು ತಲೆ ಬಾಗಿ. “ಕೇಳಲಿಲ್ಲ.”

ಇಬ್ಬರೂ ಒಬ್ಬರಿಗೊಬ್ಬರು ಕೈ ಮುಗಿದರು. ನ್ಯಾಯದ ಹಿರಿಯನ ಮುಖ ಅರಳಿತು. ಎರಡು ಬಾಯಿ ಒಂದೇ ಮಾತು ಆಡಿದರೆ ತಕ್ಕಡಿ ತಾನಾಗಿ ನಿಲ್ಲುತ್ತದೆ. ಅವನು ತೋಳು ಮಡಚುತ್ತ ಹೇಳಿದ: “ಮದ್ದಿನಲ್ಲಿ ತಪ್ಪಿಲ್ಲ. ಕೊಟ್ಟವರಲ್ಲಿ ತಪ್ಪಿಲ್ಲ. ಕೇಳದವಳಲ್ಲೂ ತಪ್ಪಿಲ್ಲ, ಅವಳಿಗೆ ತಿಳಿಯದು. ಮದ್ದಿನ ಮನೆಯವರು ದಯೆಯಿಂದ ಇವಳಿಗೆ ಬದುಕಿರುವವರೆಗೆ ಊಟ ಹಾಕಲಿ.”

ಊರು ಹೌದು ಹೌದು ಎಂದಿತು. ಮುಂದಿನ ಮೆಟ್ಟಿಲಲ್ಲಿ ತಂಗಿ ಉಸಿರು ಬಿಟ್ಟಳು. ಅವಳ ಮುಖದ ಗಂಟು ಸಡಿಲಾಯಿತು. ಅವಳ ಕಣ್ಣು ಕೆಳಗೆ, ಮದ್ದಿನ ಮನೆಯ ಮಾಳಿಗೆಯ ಕಡೆ ಹೊರಳಿತು. ಬಾಯಾರಿದವರು ಬಾವಿ ನೋಡುವ ಹಾಗೆ ನೋಡಿದಳು.

ಹಿರಿಯನ ಕೈ ನೀರಿನ ಹತ್ತಿರ ಬಂತು.

ಅಡುಗೆಯವಳು ಎಲೆ ಉಗುಳಿದಳು.

“ಕೇಳಿದ್ದೆ!”

ಬೆಣ್ಣೆ ದನಿಯವನು ಹಣೆ ಹಿಡಿದುಕೊಂಡ. ಅವಳು ಎದ್ದು ನಿಂತಿದ್ದಳು. “ನಾ ಕೇಳಿದ್ದೆ. ಏನು ತಗೋತೈತಿ ಅಂತ ಕೇಳಿದ್ದೆ. ಏನೂ ಇಲ್ಲ ಅಂದ. ಖರೇನ ಅಂದೆ, ಖರೇನ ಅಂದ. ಸಾಲಾಗಿದ್ದವರು ಗೊಣಗಿದ್ರಿ, ಮರತ್ರೇನು? ನಾ ಬಡವಿ ಅಲ್ಲ, ಮುಗ್ಧಿನೂ ಅಲ್ಲ. ನನಗ ಓದಾಕ ಬರತೈತಿ, ಕೇಳಾಕ ಬರತೈತಿ. ಸುಳ್ಳು ಹೇಳಿ ಕುಡಿಸ್ಯಾರ ನನಗ!”

ಕಟ್ಟೆಯ ಕಾವಲಿನವನು ಬಂದು ಮಡಕೆಯನ್ನು ಎತ್ತಿ ಕಲ್ಲಿಗೆ ಅಪ್ಪಳಿಸಿದ. ಬೋಕಿಗಳು ಸಿಡಿದವು. ನೀರು ಮೆಟ್ಟಿಲಿಂದ ಮೆಟ್ಟಿಲಿಗೆ ಇಳಿಯತೊಡಗಿತು.

“ದೂರು ಸತ್ತಿತು,” ಎಂದ ನ್ಯಾಯದ ಹಿರಿಯ. “ಸತ್ತದ್ದನ್ನು ಯಾರೂ ಕೇಳಿಲ್ಲ. ಇವಳು ಇನ್ನು ಅದನ್ನು ಆಡುವಂತಿಲ್ಲ. ಕಿವಿ ತೊಳೆದುಕೊಳ್ಳಿ.”

ಸತ್ತ ದೂರು ಕಿವಿಗೆ ಬಿದ್ದರೆ ಒಡೆದ ಮಡಕೆಯ ನೀರಿನಿಂದಲೇ ಕಿವಿ ತೊಳೆಯಬೇಕು. ಅದೂ ಅಲ್ಲಿಯ ಪದ್ಧತಿ. ಊರು ಬಾಗಿತು. ಹರಿಯುವ ನೀರಿಗೆ ಬೆರಳು ಅದ್ದಿ ಅದ್ದಿ ಕಿವಿಗೆ ಸವರಿಕೊಂಡಿತು. ಕೆಳಗಿನ ಮೆಟ್ಟಿಲಿನವರು ನೀರು ತಮ್ಮವರೆಗೆ ಬರಲೆಂದು ಕಾದು ನಿಂತರು. ಗಂಟೆ ಬಾರಿಸುವವನು ಅವಳನ್ನು ನೋಡದೆ ತೊಳೆದುಕೊಂಡ. ಹೂ ಮಾರುವವಳು ನಗುತ್ತ ತೊಳೆದುಕೊಂಡಳು. ಸಾಲಿನಲ್ಲಿ ಅಂದು ಗೊಣಗಿದವರು ಬೇರೆಯವರಿಗಿಂತ ಹೆಚ್ಚು ಹೊತ್ತು ತೊಳೆದುಕೊಂಡರು.

“ಗೆದ್ದಿದ್ದಿ ಅವ್ವಾ,” ಎಂದ ಬೆಣ್ಣೆ ದನಿಯವನು. ಅವನ ದನಿ ನಿಜಕ್ಕೂ ಒಡೆದಿತ್ತು. “ತಿಳಿಲಾರದವರಿಗೆ ಅಷ್ಟ ಇಲ್ಲಿ ಕರುಣೆ ಸಿಗೂದು. ಕೇಳಿದ್ದಿ ಅಂದ್ರ, ಅನುಮಾನ ಇಟಕೊಂಡ ಕುಡದಾಳ, ಅವಳ ತಪ್ಪು ಅಂತಿದ್ರು. ಅದಕ್ಕ ಬಿಟ್ಟೆ. ಬಾಯಿಗೆ ಬಂದದ್ದನ್ನ ಉಗುಳಿಬಿಟ್ಟಿ.”

“ನೀ ಹೊತ್ತದ್ದು ನಂದಲ್ಲ,” ಎಂದಳು ಅವಳು.

ಜನ ಚದುರಿದರು. ತಂಗಿ ಕೂತಲ್ಲೇ ಕೂತಿದ್ದಳು. ನೀರು ಅವಳ ಪಾದ ತೋಯಿಸಿ ಹೋಗಿತ್ತು. ಅವಳ ಕೈ ಒಣಗಿದ್ದವು, ಕಿವಿಯೂ ಒಣಗಿದ್ದವು. ಅಕ್ಕ ಅದನ್ನು ಕಂಡಳು, ಮಾತಾಡಲಿಲ್ಲ. ಆಡುವ ಹಾಗೂ ಇರಲಿಲ್ಲ.

ಇಬ್ಬರೂ ಇಳಿದರು. ಅಕ್ಕ ಮುಂದೆ ಮುಂದೆ ಹೋಗಿ ನಿಲ್ಲುವಳು, ತಂಗಿ ಒಂದೊಂದೇ ಮೆಟ್ಟಿಲಿಗೆ ಹಲ್ಲು ಕಚ್ಚಿ ಬರುವಳು. ಮದ್ದಿನ ಮನೆಯ ಮುಂದೆ ಆಗಲೇ ಸಾಲು ಹತ್ತಿತ್ತು. ಯಜಮಾನ ಹಿತ್ತಾಳೆ ಸೌಟು ಎತ್ತಿ ಸಾಲನ್ನೆಲ್ಲ ದಾಟಿಸಿ ತಂಗಿಯನ್ನು ಕರೆದ.

“ಬಾ ಮಗಳ. ಎಷ್ಟು ನೋಯಿಸ್ಕೋತಿ? ನ್ಯಾಯ ಹೇಳಿದ್ದು ಕೇಳಿದ್ಯಲ್ಲ. ಬಾಯಿ ತಗಿ.”

ತಂಗಿ ನಿಂತಳು. ಅವಳ ಮೊಣಕಾಲು ನಡುಗುತ್ತಿದ್ದವು. ಸೌಟು ಅವಳ ಗಲ್ಲದ ಹತ್ತಿರ ಬಂತು. ಮಾತು ಕೊಟ್ಟಿದ್ದಳು, ನ್ಯಾಯ ಹೇಳದಿದ್ದರೆ ಅವತ್ತೇ ಕುಡಿಯುತ್ತೇನೆ ಎಂದಿದ್ದಳು. ಅಕ್ಕನ ಬಾಯಿ ತೆರೆಯಿತು, ಮುಚ್ಚಿತು. ತಂಗಿಯ ತುಟಿ ಬಿರಿಯಿತು. ಆಗ ಅವಳು ಮೂಗು ಎತ್ತಿ, ಮುಖ ಕಿವುಚಿದಳು.

“ಏನೋ ಸೀಯಾಕ ಹತ್ತೈತಿ.”

“ಏನಿಲ್ಲವ್ವಾ,” ಎಂದ ಯಜಮಾನ, ಗಾಳಿಯನ್ನು ಎಳೆದುಕೊಂಡು. “ಏನೂ ಇಲ್ಲ.”

ಅವನು ಸುಳ್ಳು ಹೇಳುತ್ತಿರಲಿಲ್ಲ. ಅವನ ಬೆನ್ನ ಹಿಂದೆ ಹಂಡೆ ತಳ ಹಿಡಿದಿತ್ತು. ಕಪ್ಪು ಹೊಗೆ ಅವನ ಹೆಗಲನ್ನು ಬಳಸಿ ಬಂದು ಅವನ ಮೂಗಿನ ಕೆಳಗೇ ಹಾಯುತ್ತಿತ್ತು. ಸಾಲಿನವರು ಕಣ್ಣು ಮುಚ್ಚಿ, ಬಾಯಿ ತೆರೆದು ಕಾಯುತ್ತಿದ್ದರು. ಯಾರ ಹುಬ್ಬೂ ಗಂಟಿಕ್ಕಲಿಲ್ಲ.

ತಂಗಿ ಅವನನ್ನು ನೋಡಿದಳು, ಸಾಲನ್ನು ನೋಡಿದಳು. ಕೈಯ ಹಿಂಬದಿಯಿಂದ ಸೌಟನ್ನು ಮೆಲ್ಲಗೆ ದೂಡಿದಳು.

“ಅಕ್ಕಾ, ನಿನ್ನ ಬೆನ್ನ ಕೊಡು.”

ಅಡುಗೆಯವಳು ಕೂತಳು. ತಂಗಿ ಅವಳ ಕುತ್ತಿಗೆಗೆ ತೋಳು ಹಾಕಿದಳು. ಅಡುಗೆಯವಳು ಎದ್ದಳು. ಕರಿಮದ್ದು ಕೊಟ್ಟ ಕಾಲು ಭಾರ ಹೊತ್ತು ನೆಟ್ಟಗೆ ನಿಂತವು.

“ಇಲ್ಲಿ ಒಂದ ಅಲ್ಲ ಅಕ್ಕಾ,” ಎಂದಳು ತಂಗಿ, ಬೆನ್ನ ಮೇಲಿಂದ ಊರನ್ನು ಮೂಸುತ್ತ. “ಕೆಳಗ ಅನ್ನ ಸೀದೈತಿ. ಆ ಮಗ್ಗಲ ಮನ್ಯಾಗ ಬಟ್ಟಿ ಸುಡಾಕ ಹತ್ತೈತಿ. ಎಲ್ಲಾ ಕಡೆ ವಾಸನಿ ಐತಿ.”

“ಯಾವ ಮನಿ ಮೊದಲು?”

“ಬಲಕ್ಕ. ಬಟ್ಟಿ ಸುಡೂ ಮನಿ. ಲಗೂ ನಡಿ.”

ಅಡುಗೆಯವಳು ಓಡಿದಳು. ಬಾಗಿಲು ಬಡಿದಳು. ಬೆಂಕಿ ಹತ್ತಿದೆ ಎಂದು ಕೂಗಬಾರದು ಎನ್ನುವ ಕಟ್ಟಳೆ ಆ ಊರಿನಲ್ಲಿ ಇನ್ನೂ ಯಾರೂ ಮಾಡಿರಲಿಲ್ಲ. ಅವಳು ಗಂಟಲು ಹರಿಯುವ ಹಾಗೆ ಕೂಗಿದಳು. ಕೂಸನ್ನು ಸೊಂಟದ ಮೇಲಿಟ್ಟುಕೊಂಡ ಹೆಂಗಸೊಬ್ಬಳು ನಿಧಾನವಾಗಿ ಬಾಗಿಲು ತೆರೆದಳು. ಕಿವಿಯ ಹಿಂದೆ ಇನ್ನೂ ನೀರಿನ ಪಸೆಯಿತ್ತು. ಅವಳ ಹಿಂದೆ ಅಡುಗೆಮನೆ ಕಾಣಿಸದಷ್ಟು ಹೊಗೆ.

“ಒಳಗ ಬರ್ರಿ ಅಕ್ಕಾರ,” ಎಂದಳು ಅವಳು ನಗುತ್ತ, “ಈಗಷ್ಟ ಅಡಗಿ ಆಗೈತಿ.”